ಹಿಟ್ಟಿಗೆ ಲೆಕ್ಕ ಇದೆ, ಕೈಗೆ ಇಲ್ಲ: ಬಿಸಿಲ ಸೀಮೆಯ ಮನೆ ಕೇಕ್

"ಹವ್ಯಾಸಕ್ಕೆ ಮಾಡೋದು ತಾನೇ, ಅದಕ್ಕೂ ದುಡ್ಡಾ?" ಮನೆಯಲ್ಲಿ ಕೇಕ್ ಮಾಡುವ ಯಾವ ಹೆಣ್ಣುಮಗಳನ್ನು ಬೇಕಾದರೂ ಕೇಳಿ, ಈ ಮಾತು ಅವಳಿಗೆ ಹೊಸತಲ್ಲ. ಮಂಗಳೂರಿನಲ್ಲೂ ಅಷ್ಟೇ, ಹೂವಿನಹಡಗಲಿಯಲ್ಲೂ ಅಷ್ಟೇ. ವ್ಯತ್ಯಾಸ ಇರುವುದು ಬೇರೆ ಕಡೆ. ಮಂಗಳೂರಿನಲ್ಲಿ ಕೇಕಿನ ಅಚ್ಚು, ಕ್ರೀಮು, ಡಬ್ಬಿ ಎಲ್ಲ ರಿಕ್ಷಾದ ದೂರದಲ್ಲಿ ಸಿಗುತ್ತದೆ. ಇಲ್ಲಿ ಹೊಸಪೇಟೆಗೋ ದಾವಣಗೆರೆಗೋ ಬಸ್ಸು ಹತ್ತಬೇಕು, ವಾಪಸ್ ಬರುವಷ್ಟರಲ್ಲಿ ಕ್ರೀಮು ನೀರಾಗದಂತೆ ಕಾಯಬೇಕು, ಮನೆಗೆ ಬಂದ ಮೇಲೆ ಕರೆಂಟ್ ಇರಬೇಕು. ಇಷ್ಟೆಲ್ಲ ಆಗಿ ಅರಳಿದ ಕೇಕನ್ನು ನೋಡಿ "ಭಾಳ ಚೆಂದ ಆಗೇತಿ" ಅಂತಾರೆ. ಬೆಲೆ ಹೇಳಿದರೆ ಮುಖ ಸಣ್ಣದಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ತಾಲೂಕುಗಳು ಈ ಐದೇ. ಕರಾವಳಿಯ ನಮ್ಮವರು ಹಂಪಿ ನೋಡಲು ಹೋಗುವಾಗ ಕೂಡ್ಲಿಗಿ ದಾಟಿರುತ್ತಾರೆ, ಹೆಸರು ನೆನಪಿರುವುದಿಲ್ಲ. ವ್ಯಾಪಾರ, ನೌಕರಿ, ಮದುವೆ ಅಂತ ಇತ್ತ ಬಂದು ನೆಲೆಸಿದ ಬ್ಯಾರಿ ಮನೆಗಳು ಬೆರಳೆಣಿಕೆಯಷ್ಟು. ಮನೆಯೊಳಗೆ ಬ್ಯಾರಿ ಭಾಷೆ, ಅಂಗಡಿಯಲ್ಲಿ ಬಳ್ಳಾರಿ ಕಡೆಯ ಕನ್ನಡ, ಪಕ್ಕದ ಮನೆಯ ಖಾಲಾ ಜೊತೆ ದಖ್ಖನಿ ಉರ್ದು. ಮೂರು ಭಾಷೆಯಲ್ಲೂ ಕೇಕಿಗೆ ಕೇಕ್ ಅಂತಲೇ ಹೆಸರು.

2020ರ ಲಾಕ್‌ಡೌನ್‌ನಲ್ಲಿ ಬೇಕರಿ ಮುಚ್ಚಿತ್ತು, ಮಕ್ಕಳು ಮನೆಯಲ್ಲಿದ್ದರು, ಕೈಯಲ್ಲಿ ಮೊಬೈಲ್ ಇತ್ತು. ಕುಕ್ಕರಿನಲ್ಲಿ ಕೇಕ್ ಮಾಡುವುದನ್ನು ಆಗ ಕಲಿಯದ ಮನೆಯೇ ಇಲ್ಲವೇನೋ. ಶಾಲೆ ತೆರೆದ ಮೇಲೆ ಹೆಚ್ಚಿನವರು ಬಿಟ್ಟರು. ಬಿಡದೆ ಉಳಿದವರ ಬಗ್ಗೆ ಈ ಬರಹ.

ಕೆಂಡದ ಮುಚ್ಚಳ

ಕೇಕ್ ಇಂಗ್ಲಿಷರದ್ದು, ನಮ್ಮದಲ್ಲ ಅನ್ನುವ ಮಾತು ಹಿರಿಯರಿಂದ ಬರುತ್ತದೆ. ಹೆಸರು ಅವರದ್ದೇ, ಒಪ್ಪೋಣ. ಆದರೆ ಮೇಲೂ ಕೆಳಗೂ ಬಿಸಿ ಕೊಟ್ಟು ಹಿಟ್ಟನ್ನು ಉಬ್ಬಿಸುವ ವಿದ್ಯೆ ನಮ್ಮ ಉಮ್ಮಂದಿರಿಗೆ ಓವನ್ ನೋಡುವ ಮೊದಲೇ ಗೊತ್ತಿತ್ತು. ಕಲ್ತಪ್ಪ ಮಾಡುವುದನ್ನು ನೆನಪಿಸಿಕೊಳ್ಳಿ. ನೆನೆಸಿದ ಅಕ್ಕಿ ಅರೆದು, ಬೆಲ್ಲದ ಪಾಕ ಸುರಿದು, ಚಿಟಿಕೆ ಸೋಡಾ ಹಾಕಿ, ಹುರಿದ ಸಣ್ಣ ಈರುಳ್ಳಿ ಮತ್ತು ತೆಂಗಿನ ಚೂರು ಬೆರೆಸಿ, ದಪ್ಪ ತಳದ ಪಾತ್ರೆಗೆ ಹೊಯ್ದು, ಮುಚ್ಚಳದ ಮೇಲೆ ಕೆಂಡ ಹರಡುತ್ತಿದ್ದರು. ಒಳಗೆ ಜೇನುಗೂಡಿನ ಹಾಗೆ ತೂತು ತೂತಾಗಿ ಬೆಂದರೆ ಸರಿಯಾಗಿದೆ ಅಂತ ಲೆಕ್ಕ. ಇವತ್ತಿನ ಓಟಿಜಿಯ ಮೇಲಿನ ಕಾಯಿಲ್ ಮಾಡುವುದು ಅದೇ ಕೆಂಡದ ಕೆಲಸ.

ಮಲಬಾರಿನಲ್ಲಿ ಇನ್ನೂ ಮುಂದೆ ಹೋಗಿದ್ದರು. ಮೊಟ್ಟೆಯ ಹಳದಿಯನ್ನು ಸಣ್ಣ ತೂತಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ಎಳೆ ಎಳೆಯಾಗಿ ಬಿಟ್ಟು ಮಾಡುವ ಮುಟ್ಟಮಾಲೆಯನ್ನು ತಟ್ಟೆಯ ಮೇಲೆ ಹರಡಿ ಅಲಂಕರಿಸುವುದನ್ನು ನೋಡಿದವರಿಗೆ ಕೇಕ್ ಮೇಲಿನ ಕ್ರೀಮ್ ಬಳ್ಳಿ ದೊಡ್ಡ ಅಚ್ಚರಿ ಅನ್ನಿಸದು. ಪೋರ್ಚುಗೀಸರಲ್ಲೂ ಇಂಥದ್ದೇ ಸಿಹಿ ಇದೆ. ಇನ್ನು ಭಾರತದ ಮೊದಲ ಕ್ರಿಸ್‌ಮಸ್ ಕೇಕ್ 1883ರಲ್ಲಿ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಮಾಡಿದ್ದು ಅಂತ ಹೇಳುತ್ತಾರೆ. ಬ್ರೌನ್ ಎಂಬ ದೊರೆ ಇಂಗ್ಲೆಂಡಿನಿಂದ ತಂದ ಕೇಕನ್ನು ತೋರಿಸಿ, ಇಂಥದ್ದೇ ಮಾಡು ಅಂದನಂತೆ. ಬ್ರಾಂದಿಯ ಬದಲು ಬಾಪು ಗೇರುಹಣ್ಣಿನ ಊರ ಸಾರಾಯಿ ಬೆರೆಸಿದ ಎನ್ನುವುದೂ ಆ ಕಥೆಯಲ್ಲಿದೆ. ನಮಗೆ ಆ ಭಾಗ ಬೇಡ, ಕೇಕ್ ಸಾಕು.

ಘಟ್ಟದ ಮೇಲೆ ಕೇಕಿನ ದಾರಿ ಬೇರೆ. ಇಲ್ಲಿನವರಿಗೆ ಕೇಕ್ ಅಂದರೆ ಅಯ್ಯಂಗಾರ್ ಬೇಕರಿಯ ಹನಿ ಕೇಕ್. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹರಡಿದ ಪರಂಪರೆ ಅದು. ಸ್ಪಂಜಿಗೆ ಸಕ್ಕರೆ ಪಾಕ ಕುಡಿಸಿ, ಮೇಲೆ ಕೆಂಪು ಜಾಮ್ ಸವರಿ, ಒಣ ಕೊಬ್ಬರಿ ತುರಿ ಉದುರಿಸಿದರೆ ಮುಗೀತು. ಕ್ರೀಮ್ ಇಲ್ಲ, ಫ್ರಿಜ್ ಬೇಡ. ಬಯಲುಸೀಮೆಯ ಬಿಸಿಲಿಗೆ ಇದಕ್ಕಿಂತ ಬುದ್ಧಿವಂತ ಕೇಕ್ ಇಲ್ಲ ಅಂತ ನನ್ನ ಅಭಿಪ್ರಾಯ. ಕ್ರೀಮಿನ ಗೋಪುರ ಕಟ್ಟಲು ಹೊರಟ ಹೊಸಬರು ಮೊದಲು ಒಂದು ಹನಿ ಕೇಕ್ ಸರಿಯಾಗಿ ಮಾಡಲಿ. ಪಾಕ ಎಷ್ಟು, ಯಾವಾಗ ಕುಡಿಸಬೇಕು ಅನ್ನುವುದು ಕೈಗೆ ಹತ್ತಿದರೆ ಒಣ ಹವೆಯಲ್ಲಿ ಸ್ಪಂಜು ಬಿರುಸಾಗುವ ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ.

ಸಕ್ಕರೆಯಲ್ಲಿ ಚಿತ್ರ ತೆಗೆಯುವುದೂ ಈ ಸೀಮೆಗೆ ಹೊಸತಲ್ಲ. ಗೌರಿ ಹುಣ್ಣಿಮೆಗೆ ಇಲ್ಲಿನ ಹೆಣ್ಣುಮಕ್ಕಳು ಆರತಿ ತಟ್ಟೆಯಲ್ಲಿ ಹಿಡಿದು ಹೋಗುವ ಸಕ್ಕರೆ ಗೊಂಬೆಗಳನ್ನು ನೋಡಬೇಕು. ಪಾಕವನ್ನು ಮರದ ಅಚ್ಚಿಗೆ ಹೊಯ್ದು ತೆಗೆದ ಆನೆ, ನವಿಲು, ಗೋಪುರ, ತೇರು. ಬೆಳ್ಳಗೆ ಗಾಜಿನ ಹಾಗೆ ನಿಲ್ಲುತ್ತವೆ. ನಮ್ಮ ಕರಾವಳಿಯ ಹವೆಯಲ್ಲಿ ಇಟ್ಟರೆ ಸಂಜೆಯೊಳಗೆ ಬೆವರಲು ಶುರು.

40 ಡಿಗ್ರಿಯಲ್ಲಿ ಕ್ರೀಮು

ಆ ಬೆವರಿನ ಮಾತೇ ಅಲಂಕಾರದಲ್ಲಿ ಮುಖ್ಯ. ಕರಾವಳಿಯಲ್ಲಿ ಕಲಿತ ಕೈ ಇಲ್ಲಿಗೆ ಬಂದರೆ ಕೆಲವು ಪಾಠ ಮರೆಯಬೇಕು, ಕೆಲವು ಹೊಸತಾಗಿ ಕಲಿಯಬೇಕು. ಫಾಂಡೆಂಟ್ ಅನ್ನುವ ಸಕ್ಕರೆ ಕಣಕ ಮಂಗಳೂರಿನ ಮಳೆಗಾಲದಲ್ಲಿ ಅಂಟಂಟಾಗಿ ಜಾರುತ್ತದೆ. ಇಲ್ಲಿ ಜಾರುವುದಿಲ್ಲ, ಆದರೆ ಲಟ್ಟಿಸಿ ಎರಡು ನಿಮಿಷ ಬಿಟ್ಟರೆ ಒಡೆಯುತ್ತದೆ. ಕೈಗೆ ಚೂರು ಡಾಲ್ಡಾ ಹಚ್ಚಿಕೊಂಡು, ಬೇಡದ ಭಾಗವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟೇ ಕೆಲಸ ಮಾಡಬೇಕು. ಅದೇ ಒಣ ಹವೆಯಲ್ಲಿ ಸಕ್ಕರೆ ಹೂವು ಮಾತ್ರ ರಾತ್ರಿ ಮಾಡಿಟ್ಟರೆ ಬೆಳಿಗ್ಗೆಗೆ ಗಟ್ಟಿ. ಕರಾವಳಿಯಲ್ಲಿ ಇದಕ್ಕೆ ಎಸಿ ಕೋಣೆ ಬೇಕಾದೀತು.

ಬೆಣ್ಣೆಯ ಕ್ರೀಮು ಬೇಸಗೆಯಲ್ಲಿ ಇಲ್ಲಿ ನಿಲ್ಲುವುದೇ ಇಲ್ಲ. ಬೆಣ್ಣೆ 32-35 ಡಿಗ್ರಿಗೆ ಕರಗುತ್ತದೆ, ಏಪ್ರಿಲ್-ಮೇನಲ್ಲಿ ಈ ಊರುಗಳಲ್ಲಿ ಬಿಸಿಲು 40 ದಾಟುತ್ತದೆ. ದಾವಣಗೆರೆ ಬೆಣ್ಣೆ ಎಷ್ಟೇ ಒಳ್ಳೆಯದಿರಲಿ, ಅದು ದೋಸೆಗೆ ಸರಿ. ಪೇಟೆಯಲ್ಲಿ ಸಿಗುವ ವಿಪ್ಪಿಂಗ್ ಕ್ರೀಮು ಹೆಚ್ಚಾಗಿ ಹಾಲಿನದ್ದಲ್ಲ, ತಾಳೆಬೀಜದ ಎಣ್ಣೆಯದ್ದು. ಫ್ರೀಜರಿನಿಂದ ತೆಗೆದು ಫ್ರಿಜ್ಜಿನಲ್ಲಿ ನಿಧಾನ ಕರಗಿಸಿ, ಇನ್ನೂ ಐಸಿನ ಸಣ್ಣ ಹರಳು ಇರುವಾಗಲೇ, ಪಾತ್ರೆಯನ್ನು ಐಸ್ ನೀರಿನ ಮೇಲಿಟ್ಟು ಬೀಟರ್ ತಿರುಗಿಸಬೇಕು. ಪೂರ್ತಿ ನೀರಾದ ಮೇಲೆ ಎಷ್ಟು ತಿರುಗಿಸಿದರೂ ಏಳುವುದಿಲ್ಲ. ಅದಕ್ಕೇ ಇಲ್ಲಿ ಕ್ರೀಮ್ ಕೆಲಸ ಮಾಡುವ ಹೊತ್ತು ಫಜ್ರ್ ನಮಾಝಿನ ನಂತರ, ಇಲ್ಲವೇ ಇಶಾ ಆದ ಮೇಲೆ. ನಡು ಮಧ್ಯಾಹ್ನ ಕ್ರೀಮ್ ಕೇಕ್ ಬೇಕು ಅಂದರೆ ಇಲ್ಲ ಅನ್ನುವುದೇ ಒಳ್ಳೆಯದು.

ಬೇಸಗೆಗೆ ನಂಬಬಹುದಾದದ್ದು ಚಾಕಲೇಟ್ ಗನಾಶ್. ಸಾಮಾನ್ಯವಾಗಿ ಎರಡು ಪಾಲು ಚಾಕಲೇಟಿಗೆ ಒಂದು ಪಾಲು ಕ್ರೀಮು, ಇಲ್ಲಿನ ಬೇಸಗೆಗೆ ಮೂರಕ್ಕೆ ಒಂದು. ಕೋಕೋ ಬೆಣ್ಣೆ ಇರುವ ಅಸಲಿ ಚಾಕಲೇಟ್ ಮೈಬಿಸಿಗೇ ಕರಗುವಂಥದ್ದು, ರುಚಿ ಅದರದ್ದೇ. ಬೇರೆ ಕೊಬ್ಬು ಹಾಕಿದ ಕಾಂಪೌಂಡ್ ಚಾಕಲೇಟ್ ಸ್ವಲ್ಪ ಹೆಚ್ಚು ಬಿಸಿ ತಡೆಯುತ್ತದೆ, ಆದರೆ ನಾಲಿಗೆಗೆ ಮೇಣದ ಹಾಗೆ ಅಂಟುತ್ತದೆ. ಎರಡನ್ನೂ ಬೆರೆಸುವವರಿದ್ದಾರೆ. ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೊ ಚಾಕಲೇಟ್ ಕಾರ್ಖಾನೆ ಇದೆಯಲ್ಲ, ಊರಿಗೆ ಹೋದಾಗ ಒಣಮೀನು, ಕುಚ್ಚಲಕ್ಕಿ ಜೊತೆಗೆ ಕೋಕೋ ಪುಡಿಯನ್ನೂ ಕಟ್ಟಿಕೊಂಡು ಬರುವುದು ಈಗ ರೂಢಿ. (ಒಣಮೀನಿನ ಚೀಲದಲ್ಲಿ ಬೇಡ, ಬೇರೆ ಚೀಲದಲ್ಲಿ.)

ಕರೆಂಟಿನ ಮಾತು ಹೇಳಿಯೇ ಮುಂದೆ ಹೋಗಬೇಕು. ಓಟಿಜಿಯಲ್ಲಿ 180 ಡಿಗ್ರಿಗೆ ಇಟ್ಟ ಕೇಕ್ ಅರ್ಧ ಬೆಂದಾಗ ಕರೆಂಟ್ ಹೋದರೆ ಬಾಗಿಲು ತೆರೆಯಬಾರದು. ಒಳಗಿನ ಬಿಸಿಗೇ ಕೆಲವು ನಿಮಿಷ ಬೇಯುತ್ತದೆ, ತೆರೆದರೆ ನಡು ಕುಸಿಯುವುದು ಖಂಡಿತ. ಹೆಚ್ಚು ಹೊತ್ತು ಬರದಿದ್ದರೆ? ಅದಕ್ಕೇ ಓವನ್ ಬಂದ ಮೇಲೂ ಹಳೇ ಕುಕ್ಕರನ್ನು ಮಾರುವುದಿಲ್ಲ. ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು, ತಳಕ್ಕೆ ಉಪ್ಪೋ ಮರಳೋ ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಹತ್ತು ನಿಮಿಷ ಬಿಸಿ ಮಾಡಿ, ಆಮೇಲೆ ಟಿನ್ನು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮೇಲಿನಿಂದ ಬಿಸಿ ಇಲ್ಲದ್ದರಿಂದ ಮೇಲ್ಭಾಗ ಕೆಂಪಗಾಗುವುದಿಲ್ಲ, ಕ್ರೀಮಿನ ಕೆಳಗೆ ಅದು ಯಾರಿಗೆ ಕಾಣುತ್ತದೆ.

ಮದರಂಗಿಯ ಕೈ

ಅಲಂಕಾರದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸದೆ ಬಂದ ಒಂದು ಅನುಕೂಲವಿದೆ. ಮದರಂಗಿ ಕೋನ್. ಊರಲ್ಲಿ ಮೈಲಾಂಜಿ, ಇಲ್ಲಿ ಗೋರಂಟಿ. ಮದುವೆಯ ಹಿಂದಿನ ರಾತ್ರಿ ಮದುಮಗಳ ಅಂಗೈಗೆ ಬಳ್ಳಿ, ಎಲೆ, ಮೊಗ್ಗು ಬಿಡಿಸಿದ ಕೈಗೆ ಪೈಪಿಂಗ್ ಬ್ಯಾಗ್ ಕೊಟ್ಟು ನೋಡಿ. ಒತ್ತಡ ಎಷ್ಟು, ಎಲ್ಲಿ ಎಳೆಯಬೇಕು, ಎಲ್ಲಿ ಚುಕ್ಕಿ ಇಟ್ಟು ಎತ್ತಬೇಕು ಎನ್ನುವುದು ಆಗಲೇ ಬೆರಳಿನಲ್ಲಿದೆ. ಕ್ರೀಮಿಗೆ ನಾಝಲ್ ಸಿಗದ ದಿನ ಹಾಲಿನ ದಪ್ಪ ಪ್ಯಾಕೆಟ್ ತೊಳೆದು ಒರೆಸಿ ಮೂಲೆ ಕತ್ತರಿಸಿದರೂ ಕೆಲಸ ನಡೆಯುತ್ತದೆ. ತಿರುಗುವ ಸ್ಟ್ಯಾಂಡ್ ಇಲ್ಲದಿದ್ದರೆ ಬೋಗುಣಿ ಬೋರಲು ಹಾಕಿ ಅದರ ಮೇಲೆ ತಟ್ಟೆ. ಇವೆಲ್ಲ ತಾತ್ಕಾಲಿಕ ಉಪಾಯ. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದದ್ದು ತೂಕದ ಯಂತ್ರ, ನಾಝಲ್ ಸೆಟ್ ಅಲ್ಲ.

ಹಡಗಲಿಯಲ್ಲಿ ಮಲ್ಲಿಗೆ ಬಿಡಿಸದೆ ಕೇಕ್ ಮಾಡುವುದು ಹೇಗೆ? ಊರ ಹೆಸರಲ್ಲೇ ಹೂವಿದೆ. ಹಡಗಲಿ ಮಲ್ಲಿಗೆಗೂ ನಮ್ಮ ಉಡುಪಿ ಮಲ್ಲಿಗೆಗೂ ಮೈಸೂರು ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಕ್ರೀಮಿನಲ್ಲಿ ಗುಲಾಬಿ ಎಲ್ಲರೂ ಬಿಡಿಸುತ್ತಾರೆ, ಮಲ್ಲಿಗೆ ಬಿಡಿಸುವುದು ಕಷ್ಟ. ಎಸಳು ತೆಳ್ಳಗೆ, ತುದಿ ಚೂಪು, ಬಿಳಿ ಕ್ರೀಮಿನ ಮೇಲೆ ಬಿಳಿ ಹೂ ಕಾಣಲು ಕೆಳಗೆ ತಿಳಿ ಹಸಿರಿನ ನೆರಳು ಬೇಕು. ಸುಲಭ ಅಂತ ನಿಜವಾದ ಹೂವನ್ನೇ ಚುಚ್ಚುವವರಿಗೆ ಒಂದು ಮಾತು. ಮಾರುಕಟ್ಟೆಯ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಅದು ಮುಡಿಗೆ, ಬಾಯಿಗಲ್ಲ.

ಏನು ಬಿಡಿಸಬಾರದು ಅನ್ನುವುದೂ ಅಲಂಕಾರದ ಭಾಗ. ಮನುಷ್ಯ, ಪ್ರಾಣಿಗಳ ಗೊಂಬೆ ಬೇಡ ಅನ್ನುವ ಮನೆಗಳಿವೆ, ಹುಟ್ಟುಹಬ್ಬವನ್ನೇ ಆಚರಿಸದ ಮನೆಗಳೂ ಇವೆ. ಆ ಚರ್ಚೆಗೆ ಆಲಿಮರಿದ್ದಾರೆ, ಈ ಅಂಕಣ ಅಲ್ಲ. ಅಂಥ ಮನೆಗಳಿಂದಲೂ ನಿಕಾಹ್, ಅಖೀಖಾ, ಮಗು ಹಿಫ್ಝ್ ಮುಗಿಸಿದ್ದು, ಎಸ್ಸೆಸ್ಸೆಲ್ಸಿ ಪಾಸಾದದ್ದು, ಈದ್ ಅಂತ ಕೇಕಿಗೆ ಹೇಳಿ ಕಳುಹಿಸುತ್ತಾರೆ. ಆಗ ಹೂ, ಎಲೆ, ಜಾಲರಿ, ಗುಮ್ಮಟದ ರೇಖೆ ಸಾಕು. ಒಂದು ಸೂಕ್ಷ್ಮ ಇದೆ. ಅಲ್ಲಾಹನ ಹೆಸರಿರುವ ಬರಹವನ್ನು ಕ್ರೀಮಿನಲ್ಲಿ ಬರೆದರೆ ಚಾಕು ಅದರ ಮೇಲೇ ಹಾಯಬೇಕಾಗುತ್ತದೆ, ಉಳಿದ ಚೂರು ಕಸಕ್ಕೂ ಬೀಳಬಹುದು. "ಮಾಷಾ ಅಲ್ಲಾಹ್" ಬೇಕೇ ಬೇಕು ಅಂದವರಿಗೆ ಕಡ್ಡಿಗೆ ಅಂಟಿಸಿದ ಕಾರ್ಡಿನಲ್ಲಿ ಬರೆದು ಮೇಲೆ ನೆಡುತ್ತಾರೆ. ಕತ್ತರಿಸುವ ಮುಂಚೆ ತೆಗೆದು ಷೋಕೇಸಿನಲ್ಲಿ ಇಟ್ಟುಕೊಳ್ಳಬಹುದು.

"ತತ್ತಿ ಹಾಕಬ್ಯಾಡ್ರಿ"

ಈ ಊರುಗಳಲ್ಲಿ ಕೇಕಿಗೆ ಹೇಳುವವರು ನಮ್ಮವರು ಮಾತ್ರ ಅಲ್ಲ. ಕೊಟ್ಟೂರು ಅಂದರೆ ಕೊಟ್ಟೂರೇಶ್ವರ, ಅದೇ ತಾಲೂಕಿನಲ್ಲಿ ಉಜ್ಜಿನಿ ಪೀಠ. ಸುತ್ತಮುತ್ತ ಲಿಂಗಾಯತ ಮನೆಗಳು ತುಂಬ, ಮಾಂಸ-ಮೊಟ್ಟೆ ಮುಟ್ಟದವರು. "ಅಕ್ಕಾರೆ, ನಮ್ಮ ಹುಡುಗನ ಬರ್ತ್‌ಡೇಗೆ ಕೇಕ್ ಬೇಕ್ರಿ, ತತ್ತಿ ಹಾಕಬ್ಯಾಡ್ರಿ" ಅಂತ ಅವರು ಬ್ಯಾರಿ ಮನೆಯ ಬಾಗಿಲಿಗೆ ಬರುತ್ತಾರೆ. ಊರಲ್ಲಿ ಮೊಟ್ಟೆ ಅನ್ನುವುದು ಇಲ್ಲಿ ತತ್ತಿ. ಆ ಪದ ಕಲಿಯುವುದು ಸುಲಭ, ಅದನ್ನು ಬಿಟ್ಟು ಕೇಕ್ ಉಬ್ಬಿಸುವುದು ಬೇರೆಯೇ ವಿದ್ಯೆ. ಮೊಟ್ಟೆಯ ಬಿಳಿ ಹಿಡಿದಿಡುತ್ತಿದ್ದ ಗಾಳಿಯನ್ನು ಈಗ ಮೊಸರು ಮತ್ತು ಅಡುಗೆ ಸೋಡಾ ಸೇರಿ ಹುಟ್ಟಿಸಬೇಕು. ಮೊಸರಿನ ಹುಳಿ ಸೋಡಾ ಮುಟ್ಟಿದ ಕ್ಷಣದಿಂದ ಗಾಳಿ ಹೊರಡಲು ಶುರು. ಆದ್ದರಿಂದ ಓವನ್ ಬಿಸಿಯಾಗಿರಬೇಕು, ಟಿನ್ನಿಗೆ ಎಣ್ಣೆ ಸವರಿರಬೇಕು, ಆಮೇಲೆ ಕಲಸುವುದು. ಕಲಸಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತರೆ ಕೇಕ್ ಆಗುವುದಿಲ್ಲ, ಕಡುಬು ಆಗುತ್ತದೆ.

ಇದರಲ್ಲಿ ನಂಬಿಕೆಯ ಮಾತಿದೆ. ಸಸ್ಯಾಹಾರಿ ಮನೆಯವರು ನಮ್ಮ ಅಡುಗೆಮನೆಯ ಕೇಕನ್ನು ಮಕ್ಕಳ ಬಾಯಿಗಿಡುತ್ತಾರೆ ಅಂದರೆ, ಟಿನ್ನು, ಬೀಟರ್, ಚಮಚ ಬೇರೆಯೇ ಇಟ್ಟಿದ್ದೀರಿ ಅಂತ ಅವರು ಕಣ್ಣಿಂದ ನೋಡದೆ ನಂಬಿದ್ದಾರೆ. ಬೇರೆ ಇಡಲೇಬೇಕು. ಎರಡು ಸೆಟ್ಟಿಗೆ ಎರಡು ಬಣ್ಣದ ಟೇಪ್ ಸುತ್ತುವುದು ಒಳ್ಳೆಯ ಪದ್ಧತಿ, ಮನೆಯವರು ಅವಸರದಲ್ಲಿ ತೆಗೆದುಕೊಂಡರೂ ತಪ್ಪುವುದಿಲ್ಲ. ಫಾಂಡೆಂಟ್, ಜೆಲ್ಲಿ, ಮಾರ್ಷ್‌ಮ್ಯಾಲೋಗಳಲ್ಲಿ ಪ್ರಾಣಿಯ ಜೆಲಟಿನ್ ಇರಬಹುದು. ಅಲ್ಲಿ ಅವರ ಚಿಂತೆಯೂ ನಮ್ಮ ಹಲಾಲ್ ಚಿಂತೆಯೂ ಒಂದೇ, ಇಬ್ಬರಿಗೂ ಅಗರ್ ಅಗರ್ ದಾರಿ. ಐಎನ್ಎಸ್ 120 ಅಂತ ಬರೆದಿದ್ದರೆ ಅದು ಹುಳದಿಂದ ತೆಗೆದ ಕೆಂಪು ಬಣ್ಣ. ಹಸಿರು ಚುಕ್ಕಿ ನೋಡಿ ನಿಶ್ಚಿಂತರಾಗುವವರಿಗೆ ಇನ್ನೊಂದು ಮಾತು. ಆ ಚುಕ್ಕಿ ಹೇಳುವುದು ಸಸ್ಯಾಹಾರ ಎಂದಷ್ಟೇ, ಮದ್ಯಸಾರದ ಬಗ್ಗೆ ಅದು ಏನೂ ಹೇಳುವುದಿಲ್ಲ. ವೆನಿಲಾ ಎಸೆನ್ಸ್ ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಬೇಕು. ಏಲಕ್ಕಿ ಕುಟ್ಟಿ ಹಾಕಿದರೆ ಆ ಓದುವ ಕೆಲಸವೂ ಇಲ್ಲ, ಪರಿಮಳ ವೆನಿಲಾಗಿಂತ ಮೇಲು. ಇದು ನನ್ನ ಪಕ್ಷಪಾತ.

ಈ ನೆಲದ ಸಾಮಾನನ್ನೂ ಕೇಕಿಗೆ ತರಬಹುದು. ಬಾದಾಮಿಯ ಬೆಲೆಗೆ ಹೆದರುವವರಿಗೆ ಇಲ್ಲಿ ಶೇಂಗಾ ಇದೆ. ಹುರಿದು, ಸಿಪ್ಪೆ ಉದುರಿಸಿ, ಸುಟ್ಟ ಸಕ್ಕರೆಯಲ್ಲಿ ಹೊರಳಿಸಿ ಜಜ್ಜಿದರೆ ಪದರಗಳ ನಡುವೆ ಕುರುಕುರು. ಬಳ್ಳಾರಿ ಕಡೆಯ ಅಂಜೂರ ಒಣಗಿಸಿದ್ದು ಹಣ್ಣಿನ ಕೇಕಿಗೆ ಹೇಳಿ ಮಾಡಿಸಿದ್ದು. ಜೋಳದ ಹಿಟ್ಟಿನ ಕೇಕ್ ಮಾಡುತ್ತೇನೆ ಅಂತ ಪೂರ್ತಿ ಮೈದಾ ಬಿಡಬೇಡಿ. ಜೋಳಕ್ಕೆ ಅಂಟು ಇಲ್ಲ, ಕತ್ತರಿಸುವಾಗ ಪುಡಿಪುಡಿ. ಕಾಲು ಭಾಗ ಸೇರಿಸಿದರೆ ರುಚಿಯೂ ಬರುತ್ತದೆ, ಆಕಾರವೂ ನಿಲ್ಲುತ್ತದೆ.

ಕೆಂಪು ಎಷ್ಟು ಕೆಂಪು

2024ರ ಅಕ್ಟೋಬರಿನಲ್ಲಿ ರಾಜ್ಯದ ಆಹಾರ ಸುರಕ್ಷತೆ ಇಲಾಖೆ ಬೆಂಗಳೂರಿನ ಬೇಕರಿಗಳಿಂದ ಕೇಕ್ ಮಾದರಿ ತರಿಸಿ ಪರೀಕ್ಷೆ ಮಾಡಿದ ಸುದ್ದಿ ಎಲ್ಲರೂ ಓದಿದ್ದೇವೆ. 235ರಲ್ಲಿ 12 ಅಸುರಕ್ಷಿತ, ಕಾರಣ ಕೃತಕ ಬಣ್ಣಗಳು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಹೆಸರು ಎದ್ದು ಬಂತು. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣಕ್ಕೆ ನಿಷೇಧ ಬಂದಿತ್ತು. ಆಮೇಲೆ ಮನೆ ಕೇಕ್ ಕೇಳುವವರು ಹೆಚ್ಚಾದರು, ಮನೆಯದ್ದು ಅಂದರೆ ಶುದ್ಧ ಅಂತ. ಮನೆಯದ್ದು ಎಂಬ ಒಂದೇ ಕಾರಣಕ್ಕೆ ಯಾವುದೂ ಶುದ್ಧವಾಗುವುದಿಲ್ಲ. ಅದೇ ಬಣ್ಣದ ಡಬ್ಬಿ ನಮ್ಮ ಕಪಾಟಿನಲ್ಲೂ ಇರುತ್ತದೆ, ಕೈ ಜಾರಿ ಎರಡು ಹನಿ ಹೆಚ್ಚು ಬೀಳುತ್ತದೆ. ಫೋಟೋದಲ್ಲಿ ಕಂಡಷ್ಟೇ ಕೆಂಪು ಬೇಕು ಅಂತ ಹಟ ಹಿಡಿಯುವ ಗಿರಾಕಿಯದ್ದೂ ಪಾಲಿದೆ.

ಬೀಟ್‌ರೂಟ್ ರಸ ಬಳಸಬಹುದು, ಆದರೆ ಹಿಟ್ಟಿಗೆ ಹಾಕಿ ಬೇಯಿಸಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ರೀಮಿಗೆ ಹಾಕಿದರೆ ಚೆಂದದ ಗುಲಾಬಿ ಬಣ್ಣ. ಹಳದಿಗೆ ಅರಿಶಿನ ಅಂತ ಸೋಡಾ ಇರುವ ಹಿಟ್ಟಿಗೆ ಹಾಕಿದಿರೋ, ಕುಂಕುಮದ ನೀರಿನ ಹಾಗೆ ಕೆಂಪಾಗಿಬಿಡುತ್ತದೆ. ಅರಿಶಿನಕ್ಕೆ ಸುಣ್ಣ ತಾಗಿಸಿದ ಹಾಗೆಯೇ ಅದು. ಅರಿಶಿನವೂ ಕ್ರೀಮಿಗೇ ಸರಿ, ಅದೂ ಚಿಟಿಕೆಯಲ್ಲಿ ಕಾಲು.

ನಾಲ್ಕು ಗಂಟೆಯ ಬೆಲೆ

ಈಗ ದುಡ್ಡಿನ ವಿಷಯ. ಒಂದು ಕಿಲೋ ಕ್ರೀಮ್ ಕೇಕಿನ ಲೆಕ್ಕ ಬರೆದು ನೋಡೋಣ, ಬೆಲೆ ಊರಿಂದೂರಿಗೆ ಹತ್ತಿಪ್ಪತ್ತು ರೂಪಾಯಿ ಆಚೀಚೆ. ಮೈದಾ, ಸಕ್ಕರೆ ಹದಿಮೂರು ರೂಪಾಯಿ. ನಾಲ್ಕು ಮೊಟ್ಟೆ ಇಪ್ಪತ್ತೆಂಟು. ಎಣ್ಣೆ, ಹಾಲು ಹದಿನೈದು. ಕ್ರೀಮು ಎಂಬತ್ತು. ಚಾಕಲೇಟ್ ನಲವತ್ತು. ಎಸೆನ್ಸು, ಬಣ್ಣ ಹತ್ತು. ಡಬ್ಬಿ ಮತ್ತು ಕೆಳಗಿನ ಬೋರ್ಡು ಮೂವತ್ತೈದು. ಗ್ಯಾಸು, ಕರೆಂಟು ಇಪ್ಪತ್ತು. ಒಟ್ಟು 241. ಹೊಸಪೇಟೆಗೆ ಹೋಗಿಬಂದ ಬಸ್ ಚಾರ್ಜು ಇದರಲ್ಲಿಲ್ಲ. ಬಿದ್ದು ಹಾಳಾದ ಕೇಕು, ಸುಟ್ಟುಹೋದ ಬೀಟರ್ ಕೂಡ ಇಲ್ಲ.

ಇನ್ನು ಹೊತ್ತು. ಕಲಸುವುದು, ಬೇಯಿಸುವಾಗ ಕಾಯುವುದು, ಕ್ರೀಮ್ ಏಳಿಸುವುದು, ಪದರ ಕೂರಿಸುವುದು, ಹೂ ಬಿಡಿಸುವುದು, ಎಣ್ಣೆಜಿಡ್ಡಿನ ಪಾತ್ರೆ ರಾಶಿ ತೊಳೆಯುವುದು. ನಾಲ್ಕು ಗಂಟೆ ಅಂತ ಹಿಡಿಯಿರಿ. ಉದ್ಯೋಗ ಖಾತರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಹಂಚಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಮಣ್ಣು ಹೊರುವ ಆ ದರವನ್ನೇ ಹಿಡಿದರೂ ನಾಲ್ಕು ಗಂಟೆಗೆ 185. ಅಲ್ಲಿಗೆ ಅಸಲೇ 426 ಆಯಿತು. ಪರಿಚಯದವರು ಕೊಡಲು ಬರುವುದು ಮುನ್ನೂರು. "ಮನೇಲೇ ಮಾಡಿದ್ದಲ್ವಾ" ಅಂತ. ಮುನ್ನೂರಕ್ಕೆ ಕೊಟ್ಟರೆ ಆ ಕೈಗೆ ಗಂಟೆಗೆ ಹದಿನೈದು ರೂಪಾಯಿ ಕೂಡ ಸಿಗಲಿಲ್ಲ.

ಮನೆಯಲ್ಲಿ ಹೆಂಗಸರು ಮಾಡುವ ಕೆಲಸಕ್ಕೆ ಕೂಲಿ ಇಲ್ಲ ಅನ್ನುವ ಹಳೇ ರೂಢಿಯೇ ಕೇಕಿನ ಡಬ್ಬಿಯೊಳಗೂ ಕೂತಿದೆ. ಬೇಕರಿಯಲ್ಲಿ ಇದೇ ತೂಕದ ಕೇಕಿಗೆ ಯಾರೂ ಚೌಕಾಸಿ ಮಾಡುವುದಿಲ್ಲ. ಕೂತ ಜಾಗದಲ್ಲಿ ಗಾಜಿನ ಕಪಾಟು, ಬೋರ್ಡು, ಬಿಲ್ಲು ಇದ್ದರೆ ಅದು ವ್ಯಾಪಾರ. ಅಡುಗೆಮನೆಯಿಂದ ಬಂದರೆ ಹವ್ಯಾಸ. ಮಾಡುವವಳೂ ಸಂಕೋಚದಲ್ಲಿ "ನೀವೇ ನೋಡಿ ಕೊಡಿ" ಅಂದುಬಿಡುತ್ತಾಳೆ. ಆ ಮಾತನ್ನು ಮೊದಲು ಬಿಡಬೇಕು. ವಾಟ್ಸಾಪಿನಲ್ಲಿ ಫೋಟೋ ಹಾಕುವಾಗಲೇ ಕೆಳಗೆ ಕಿಲೋ ಬೆಲೆ, ಎರಡು ದಿನ ಮುಂಚೆ ಹೇಳಬೇಕು, ಅರ್ಧ ಮುಂಗಡ ಅಂತ ಬರೆದರೆ ಬಾಯಲ್ಲಿ ಹೇಳುವ ಕಷ್ಟ ಇಲ್ಲ.

ಎಲ್ಲರೂ ಮಾರಲೇಬೇಕು ಅಂತ ನಾನು ಹೇಳುತ್ತಿಲ್ಲ. ತಿಂಗಳಿಗೊಂದು ಕೇಕ್ ಮಾಡಿ, ಮಲ್ಲಿಗೆ ಬಿಡಿಸುವ ಖುಷಿಗಾಗಿಯೇ ಬಿಡಿಸಿ, ಮಕ್ಕಳಿಗೆ ಹಂಚಿ ಸುಮ್ಮನಾಗುವುದೂ ಒಳ್ಳೆಯ ಬದುಕೇ. ವಾರಕ್ಕೆ ಐದು ಆರ್ಡರ್ ಹಿಡಿದ ಮೇಲೆ ಹೂ ಬಿಡಿಸುವುದೇ ಬೇಸರವಾಯಿತು ಅನ್ನುವವರೂ ಇದ್ದಾರೆ. ಹವ್ಯಾಸವೋ ವ್ಯಾಪಾರವೋ ಅಂತ ತೀರ್ಮಾನ ಮಾಡುವ ಹಕ್ಕು ಮಾಡುವವಳದ್ದು, ತಿನ್ನುವವರದ್ದಲ್ಲ ಎನ್ನುವುದಷ್ಟೇ ನನ್ನ ತಕರಾರು.

ಮಾರುವುದಾದರೆ ಕಾಗದವೂ ಬೇಕು. 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಸಣ್ಣ ವಹಿವಾಟಿನ ಮನೆ ತಯಾರಕರು ಎಫ್ಎಸ್ಎಸ್ಎಐ ನೋಂದಣಿ ಮಾಡಿಸಬೇಕು. ಶುಲ್ಕ ವರ್ಷಕ್ಕೆ 100 ರೂಪಾಯಿ, ಅರ್ಜಿ ಆನ್‌ಲೈನ್. ಬರುವ 14 ಅಂಕಿಯ ಸಂಖ್ಯೆಯನ್ನು ಡಬ್ಬಿಯ ಮೇಲೆ ಹಾಕಬೇಕು. ಆ ಸಂಖ್ಯೆಗೆ ಇನ್ನೊಂದು ಉಪಯೋಗವಿದೆ, ಅದನ್ನು ಕಂಡ ಮೇಲೆ ಚೌಕಾಸಿ ಸ್ವಲ್ಪ ಕಡಿಮೆಯಾಗುತ್ತದೆ. ಕಲಿಯಬೇಕು ಅನ್ನುವವರಿಗೆ ಬೆಂಗಳೂರು ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಇದೆ. ಅಷ್ಟು ದೂರ ಆಗದಿದ್ದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಕೇಳಬಹುದು. ನಮ್ಮ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಅವು ದೇಶವೆಲ್ಲ ಹರಡಿದ್ದು, ಹತ್ತಿರದ ಚಿತ್ರದುರ್ಗದಲ್ಲೂ ರುಡ್‌ಸೆಟ್ ಇದೆ. ದೊಡ್ಡ ಓವನ್ ಹಾಕಿ ಘಟಕ ಮಾಡುವವರಿಗೆ 2020ರಲ್ಲಿ ಬಂದ ಪಿಎಂಎಫ್ಎಂಇ ಯೋಜನೆಯಲ್ಲಿ ಶೇ. 35ರ ಸಹಾಯಧನ ಇಡಲಾಗಿತ್ತು.

ಉಳಿದದ್ದು ತವರು, ನಾದಿನಿ, ಮಾಮಿ, ಓರಗಿತ್ತಿಯರ ವಿಷಯ. ಅಲ್ಲಿ ದುಡ್ಡು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ, ಬರಬೇಕು ಅಂತಲೂ ಇಲ್ಲ. ಅದಕ್ಕೆ ಕೆಲವರು ಮಾಡುವ ಉಪಾಯ ನನಗೆ ಹಿಡಿಸಿತು. ಡಬ್ಬಿಯ ಮೇಲೆ ಎಲ್ಲರಿಗೂ ಅಂಟಿಸುವ ಹಾಗೆಯೇ ಒಂದು ಚೀಟಿ: ಒಂದು ಕಿಲೋ, ಚಾಕಲೇಟ್, ಮಲ್ಲಿಗೆ ಅಲಂಕಾರ, 650 ರೂಪಾಯಿ. ಅದರ ಕೆಳಗೆ ಕೈಬರಹದಲ್ಲಿ ಒಂದೇ ಪದ: ಹದಿಯಾ.